ಕಂದು ಚುಕ್ಕಿ

ಅದರಲ್ಲಿ ಏನೂ ಇಲ್ಲ ಎಂದು ನಾನು ನೀಲಕ್ಕನಿಗೆ ಹೇಳಿದೆ. ಇತ್ತು. ಇದೆ ಎಂದು ಗೊತ್ತಿದ್ದೇ ಹೇಳಿದೆ.

ನೀಲಕ್ಕ ನನ್ನ ನೆಗೆಣ್ಣಿ — ನನ್ನ ಯಜಮಾನರ ಅಣ್ಣನ ಹೆಂಡತಿ. ಬೈಲಹೊಂಗಲದ ಈ ಮನೆಯ ನಡುವೆ ಈಗ ಗೋಡೆ ಎದ್ದಿದೆ, ಹಿತ್ತಲು ಮಾತ್ರ ಇನ್ನೂ ಒಂದೇ. ಮನೋಳಿಯ ಹೊಳೆದಂಡೆಯಲ್ಲಿ ಹುಟ್ಟಿ ಬೆಳೆದ ಅವರು ಲಿಂಗಕ್ಕೆ ತೋರಿಸದೆ ಒಂದು ಗುಟುಕು ಚಹಾ ಕೂಡ ಕುಡಿದವರಲ್ಲ. ನಾನೂ ಕೊರಳಲ್ಲಿ ಲಿಂಗ ಕಟ್ಟಿಕೊಂಡವಳೇ, ಆದರೆ ಬೆಳಗಾವಿಯ ಕಾನ್ವೆಂಟಿನಲ್ಲಿ ಓದಿ ಬಂದವಳು. ಪೂಜೆ ಒಂದು ದಿನ ಉಂಟು, ಒಂದು ದಿನ ಇಲ್ಲ. ಅಕ್ಕ ಅದಕ್ಕೆ ಯಾವತ್ತೂ ನನ್ನನ್ನು ಆಡಿಕೊಳ್ಳಲಿಲ್ಲ. ಬದಲಿಗೆ ಮನೆಗೆ ಬಂದ ಪ್ರತಿ ಪೊಟ್ಟಣವನ್ನೂ ನನ್ನ ಕೈಗೆ ಕೊಟ್ಟು, 'ಓದಿ ಹೇಳ' ಎನ್ನುತ್ತಿದ್ದರು. ಇಂಗ್ಲಿಷ್ ಬಲ್ಲ ಮಕ್ಕಳು ಮನೆತುಂಬ ಇದ್ದರೂ ಅವರ ನಂಬಿಕೆ ನನ್ನ ಓದಿನ ಮೇಲೆಯೇ.

ಆ ವರ್ಷ ಅಕ್ಕನಿಗೆ ಟೈಫಾಯ್ಡ್ ಆಯಿತು. ಜ್ವರವೇನೋ ಬಿಟ್ಟಿತು, ಆದರೆ ಆಂಟಿಬಯಾಟಿಕ್ ತಿಂದು ತಿಂದು ಹೊಟ್ಟೆ ಕೆಟ್ಟುಹೋಯಿತು. ನುಚ್ಚು-ಮಜ್ಜಿಗೆ ಸಹ ನಿಲ್ಲಲೊಲ್ಲದು. ಇಡೀ ಮನೆಗೆ ರೊಟ್ಟಿ ಬಡಿಯುತ್ತಿದ್ದ ಆ ಕೈಯಿಂದ ಬಳೆಗಳು ತಾವಾಗಿಯೇ ಜಾರುತ್ತಿದ್ದವು. ಡಾಕ್ಟರು ಒಂದು ಡಬ್ಬಿ ಬರೆದುಕೊಟ್ಟರು. "ಇದು ಔಷಧ ಅಲ್ರಿ ಬಾಯಾರ, ಸಪ್ಲಿಮೆಂಟ್. ಗುಡ್ ಬ್ಯಾಕ್ಟೀರಿಯಾ ಅದಾವ. ಕೊಟ್ಟು ನೋಡ್ರಿ, ಹೊಟ್ಟಿಗೆ ಆಸರ ಆಗಬಹುದು."

ಗುಡ್ ಬ್ಯಾಕ್ಟೀರಿಯಾ! ಬ್ಯಾಕ್ಟೀರಿಯಾ ಎಂದರೆ ಸೋಪು ಹಚ್ಚಿ ಕೈ ತೊಳೆ ಎಂದು ಕಲಿಸಿದ ಸಿಸ್ಟರುಗಳ ಶಿಷ್ಯೆ ನಾನು. ಇಷ್ಟು ಸಣ್ಣ ಗುಳಿಗೆಯೊಳಗೆ ಕೋಟಿಗಟ್ಟಲೆ ಜೀವ ಮಲಗಿರುತ್ತವೆಯೆ? ಹೊಟ್ಟೆಗೆ ಬಂದೆವು ಎಂದು ಅವಕ್ಕೆ ತಿಳಿಯುವುದಾದರೂ ಹೇಗೆ — ಯಾರು ಎಬ್ಬಿಸುತ್ತಾರೆ? ಬಿಸಿಲಿಗೆ ಹಿಡಿದು ಡಬ್ಬಿಯ ಸಣ್ಣ ಅಕ್ಷರ ಓದುತ್ತ ಕುಳಿತೆ. ಉದ್ದುದ್ದ ಲ್ಯಾಟಿನ್ ಹೆಸರುಗಳು, ಚಾಪೆಲ್‌ನ ಹಾಡು ನೆನಪಿಸುವಂಥವು. ಎಲ್ಲದರ ಕೊನೆಗೆ ಒಂದು ಸಾಲು: ಕ್ಯಾಪ್ಸೂಲಿನ ಹೊರಕೋಶ, ಜೆಲಟಿನ್. ಪಕ್ಕದಲ್ಲಿ ಚೌಕದೊಳಗೆ ಒಂದು ಕಂದು ಚುಕ್ಕಿ, ಮಾಂಸಾಹಾರದ ಗುರುತು.

ಜೆಲಟಿನ್ ಎಂದರೆ ದನದ ತೊಗಲು, ಎಲುಬು ಕುದಿಸಿ ತೆಗೆಯುವ ಅಂಟು. ನನಗೆ ಗೊತ್ತಿತ್ತು. ಬೇರೆ ಕಂಪನಿಯದು ಇದೆಯೇ ಎಂದು ಅಂಗಡಿಯಲ್ಲಿ ಕೇಳಬಹುದಿತ್ತು. ಡಾಕ್ಟರಿಗೊಂದು ಫೋನ್ ಮಾಡಬಹುದಿತ್ತು. ನಾನು ಮಾಡಿದ್ದೇನು? ಜೀರಿಗೆಯ ಹಳೆಯ ಬಾಟಲಿ ತೊಳೆದು, ಒಣಗಿಸಿ, ಕ್ಯಾಪ್ಸೂಲುಗಳನ್ನೆಲ್ಲ ಅದಕ್ಕೆ ಸುರಿದು, ಡಬ್ಬಿಯನ್ನು ಬಚ್ಚಲ ಒಲೆಗೆ ಹಾಕಿದೆ. ಅದು ಉರಿದು ಮುಗಿಯುವವರೆಗೂ ಅಲ್ಲೇ ನಿಂತಿದ್ದೆ.

"ಶಾಂತಾ, ಡಬ್ಬಿ ಎಲ್ಲಿ ಐತಿ?" ಅಕ್ಕ ಹಾಸಿಗೆಯಿಂದಲೇ ಕೇಳಿದರು.

"ತೊಯ್ದಿತ್ತರಿ ಅಕ್ಕಾರ. ಒಗದೆ."

"ಚುಕ್ಕಿ ನೋಡಬೇಕಂತ ಮಾಡಿದ್ದೆ. ನನಗ ಇಂಗ್ಲೀಷ್ ಬರಂಗಿಲ್ಲ ಖರೆ, ಚುಕ್ಕಿ ಓದಾಕ ಬರತೈತಿ." ಬಿಸ್ಕಿಟ್ ಪುಡಿಕೆಯ ಹಸಿರು ಚುಕ್ಕಿಯನ್ನು ಅವರಿಗೆ ಗುರುತಿಸಲು ಕಲಿಸಿದವಳು ನಾನೇ. "ಇದರಾಗ ಏನೂ ಇಲ್ಲಲ್ಲ?"

"ಏನೂ ಇಲ್ಲರಿ. ಮೊಸರಾಗಿನ ಹುಳಾ ಅದಾವ, ಅಷ್ಟ."

"ಅಯ್ಯ ಯವ್ವಾ, ಹುಳಾನ! ಸತ್ತಾವೋ, ಬದುಕ್ಯಾವೋ?"

"ಬದುಕ್ಯಾವರಿ."

"ಹಂಗಾರ ಇನ್ನ ಮ್ಯಾಲ ಅವಕ್ಕೂ ರೊಟ್ಟಿ ಬಡೀಬೇಕಲ್ಲ!"

ಎಷ್ಟೋ ವಾರಗಳ ಮೇಲೆ ಅಕ್ಕ ನಕ್ಕಿದ್ದರು. ನಾನೂ ನಕ್ಕೆ.

ಆಮೇಲೆ ನಡೆದದ್ದನ್ನು ನಾನು ಎಣಿಸಿರಲಿಲ್ಲ. ಎಣಿಸಬೇಕಿತ್ತು — ಅವರೊಂದಿಗೆ ಬದುಕು ಕಳೆದವಳಿಗೆ ಗೊತ್ತಾಗಬೇಕಿತ್ತು. ಅಕ್ಕ ಎದ್ದು ಕುಳಿತು, ಹಣೆಗೆ ವಿಭೂತಿ ಹಚ್ಚಿ, ಎಡ ಅಂಗೈಯಲ್ಲಿ ಲಿಂಗವನ್ನಿಟ್ಟುಕೊಂಡು, ಬಲಗೈಯಲ್ಲಿದ್ದ ಕ್ಯಾಪ್ಸೂಲನ್ನು ಅದರ ಮುಂದೆ ಹಿಡಿದರು. ಕಣ್ಣು ಮುಚ್ಚಿದರು. ಅರ್ಪಿಸಿದ ಮೇಲೆಯೇ ನುಂಗಿದರು. "ಜೀರಗಿ ವಾಸನಿ ಬರತೈತಿ, ಚಲೋ ಔಷಧ" ಎಂದರು.

ದಿನಾ ಹೀಗೆಯೇ. ದಿನಾ ನಾನು ಬಾಗಿಲಲ್ಲಿ ನಿಂತು ನೋಡಿದೆ. ಕಾನ್ವೆಂಟಿನ ಚಾಪೆಲ್‌ನಲ್ಲಿ ಪಾಪ ಒಪ್ಪಿಕೊಳ್ಳುವ ಕನ್ಫೆಷನ್ ಬಾಕ್ಸ್ ಇತ್ತು. ಕ್ರಿಶ್ಚಿಯನ್ ಹುಡುಗಿಯರು ಒಳಗೆ ಹೋಗಿ ಏನು ಹೇಳುತ್ತಾರೆಂದು ನಾವು ಹೊರಗೆ ನಿಂತು ಕಿವಿಗೊಡುತ್ತಿದ್ದೆವು. ಆಗ ನನಗೆ ಹೇಳಲು ಏನೂ ಇರಲಿಲ್ಲ...

ಅಕ್ಕ ಚೇತರಿಸಿಕೊಂಡರು. ಮೊದಲು ನುಚ್ಚು, ಆಮೇಲೆ ಮೆತ್ತನೆಯ ರೊಟ್ಟಿ, ಆಮೇಲೆ ಅಗಸಿ ಚಟ್ನಿ. ಗುಣ ಮಾಡಿದ್ದು ಕ್ಯಾಪ್ಸೂಲೋ, ಮಜ್ಜಿಗೆಯೋ, ಸುಮ್ಮನೆ ಕಳೆದ ದಿನಗಳೋ — ಇಂದಿಗೂ ನನಗೆ ಗೊತ್ತಿಲ್ಲ. ತಿಳಿಯುವ ಆಸೆ ಮಾತ್ರ ಆಗ ತಡೆಯದಾಯಿತು. ಒಂದು ಕ್ಯಾಪ್ಸೂಲ್ ಬಿಚ್ಚಿ ಉಗುರುಬೆಚ್ಚಗಿನ ಹಾಲಿಗೆ ಪುಡಿ ಹಾಕಿ ಮುಚ್ಚಿಟ್ಟೆ, ಹೆಪ್ಪು ಹಾಕುವ ಹಾಗೆಯೇ. ಮುಂಜಾನೆ ನೋಡಿದರೆ ಮೊಸರು! ಸ್ವಲ್ಪ ತೆಳು, ಹುಳಿ ಕಡಿಮೆ, ಆದರೆ ಮೊಸರೇ. ಎಳೆಯ ಹುಡುಗಿಯ ಹಾಗೆ ಖುಷಿಪಟ್ಟೆ. ಆಗ ಪಕ್ಕದ ಬಟ್ಟಲಲ್ಲಿ ಬಿದ್ದಿದ್ದ ಖಾಲಿ ಕೋಶದ ಎರಡು ಹೋಳುಗಳು ಕಂಡವು. ತೇವಕ್ಕೆ ಅಂಟಾಗಿ ಬೆರಳಿಗೆ ಹತ್ತಿಕೊಂಡವು.

ಇಷ್ಟೇ ಆಗಿತ್ತು. ಬಿಚ್ಚಿ, ಕೋಶ ಎಸೆದು, ಪುಡಿಯನ್ನು ಮಜ್ಜಿಗೆಯಲ್ಲಿ ಕೊಟ್ಟಿದ್ದರೆ ಸಾಕಿತ್ತು. ಜೀವ ಉಳಿಸಲು ಸುಳ್ಳು ಹೇಳಿದೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆನಲ್ಲ, ಆ ಸುಳ್ಳು ಬೇಕೇ ಇರಲಿಲ್ಲ.

ಹೇಳಿಬಿಡಬೇಕೆಂದು ಹಿತ್ತಲು ದಾಟಿ ಹೋದೆ. ಅಕ್ಕ ಪಕ್ಕದ ಮನೆಯವರೊಂದಿಗೆ ಮಾತಾಡುತ್ತಿದ್ದರು. "ನಮ್ಮ ಶಾಂತಾ ಓದಿ ಕೊಟ್ಟಳಂದರ ಮುಗೀತ ನೋಡ್ರಿ. ನಾ ಕಣ್ಣ ಮುಚ್ಚಿ ತಗೋತೇನಿ." "ಅಕ್ಕಾರ, ಇವತ್ತಿಂದ ಬಿಚ್ಚಿ ಪುಡಿ ಅಷ್ಟ ತಗೋರಿ. ಡಾಕ್ಟರ್ ಹಂಗ ಹೇಳ್ಯಾರ" ಎಂದೆ. ಡಾಕ್ಟರು ಹೇಳಿರಲಿಲ್ಲ. ಮೊದಲ ಸುಳ್ಳಿಗೆ ಅವರ ಕಾಯಿಲೆಯ ನೆಪವಾದರೂ ಇತ್ತು. ಎರಡನೆಯದನ್ನು ನನ್ನ ಹೆಸರು ಉಳಿಯಲಿ ಎಂದು ಹೇಳಿದೆ.

ವರ್ಷಗಳು ಹೋದವು. ನಾನು ಓದಿ ಹೇಳುತ್ತಲೇ ಬಂದೆ, ಅವರು ನಂಬುತ್ತಲೇ ಬಂದರು.

ಇವತ್ತು ಮಧ್ಯಾಹ್ನ ಅಕ್ಕ ಹೊಸದೊಂದು ಡಬ್ಬಿ ತಂದರು. ಸವದತ್ತಿಯಲ್ಲಿರುವ ಮೊಮ್ಮಗಳು ಅಜ್ಜಿಯ ಹೊಟ್ಟೆಗೆಂದು ಕಳಿಸಿದ ಪುಡಿ. ಚುಕ್ಕಿ ನೋಡುವಷ್ಟು ಕಣ್ಣು ಅವರಿಗೆ ಈಗ ಉಳಿದಿಲ್ಲ. ನಾನು ನೋಡಿದೆ: ಹಸಿರು, ಅಚ್ಚ ಹಸಿರು. ಪ್ರತಿ ಅಕ್ಷರ ಓದಿದೆ, ಎಲ್ಲವೂ ಶುದ್ಧ.

"ಇದರಾಗ ಏನೂ ಇಲ್ಲಲ್ಲ, ಶಾಂತಾ?"

ಏನೂ ಇಲ್ಲರಿ — ಅನ್ನಬೇಕಿತ್ತು, ಅಷ್ಟೇ. ಈ ಸಲ ಅದು ನಿಜ. ಆದರೆ ಅದೇ ಮಾತು, ಅದೇ ಬಾಯಿ... ಹೊರಡಲಿಲ್ಲ. "ಕನ್ನಡಕ ಒಳಗ ಐತ್ರಿ ಅಕ್ಕಾರ. ಸಂಜಿಗೆ ಹೇಳತೇನಿ."

"ಮೂಗಿನ ಮ್ಯಾಲ ಐತಲ್ಲ, ಹುಚ್ಚಿ! ನನಗ ಅಷ್ಟರ ಕಾಣತೈತಿ." ನಕ್ಕು, ಡಬ್ಬಿಯನ್ನು ನನ್ನ ಮಡಿಲಲ್ಲೇ ಬಿಟ್ಟು ಎದ್ದರು. "ಪೂಜಿಗೆ ಕೂಡೋದ್ರಾಗ ಹೇಳ. ಆಮ್ಯಾಲ ತಗೋತೇನಿ."

ಈಗ ಗೋಡೆಯಾಚೆ ಅವರು ಸ್ನಾನಕ್ಕೆ ನೀರು ತೋಡಿಕೊಳ್ಳುವ ಸಪ್ಪಳ ಕೇಳುತ್ತಿದೆ. ಅವರು ಲಿಂಗವನ್ನು ಕೈಗೆ ತೆಗೆದುಕೊಳ್ಳುವ ಮೊದಲು ನಾನು ಹಿತ್ತಲು ದಾಟಬೇಕು. ಮೊದಲು ಜೀರಿಗೆ ಬಾಟಲಿಯ ಮಾತು, ಬಚ್ಚಲ ಒಲೆಯ ಮಾತು. ಹಸಿರು ಚುಕ್ಕಿಯ ಮಾತು ಆಮೇಲೆ — ಅದನ್ನು ಅವರು ಇನ್ನೂ ನನ್ನನ್ನೇ ಕೇಳಿದರೆ.