ಅಜ್ಜ ತಿರುಗಿಸಿಟ್ಟ ಸ್ಕ್ರೂ

ತಂಗಿ, ತಮ್ಮಾ, ನನ್ನ ಮೊಮ್ಮಕ್ಕಳೇ, ಇದನ್ನು ನಿಮ್ಮಿಬ್ಬರಿಗಾಗಿ ಬರೆಯುತ್ತಿದ್ದೇನೆ. ಮನೆಗೆ ಗಂಡಸರು ಬಂದರೆ ಅಡುಗೆಮನೆ ಬಿಟ್ಟು ಹೊರಗೆ ಬಾರದ ಅಜ್ಜಿ, ಅಂದು ಅಂಗಳದಲ್ಲಿ ಅಜ್ಜನ ಫಟಫಟಿ ಮೋಟಾರ್ ಸೈಕಲ್ಲಿನ ಮುಂದೆ ಏಕೆ ಕೂತಿದ್ದಳು ಎಂದು ನೀವು ಮುಂಡರಗಿಯಿಂದ ಫೋನಿನಲ್ಲಿ ಕೇಳಿದಿರಿ. ಆಗ ನನಗೆ ಹೇಳಲಾಗಲಿಲ್ಲ. ನಾಲ್ಕು ಮಾತು ಕೂಡಿಸಿ ಆಡುವುದು ನನಗೆ ಮೊದಲಿನಿಂದಲೂ ಕಷ್ಟ. ಹೊಂಬಳದ ಶಾಲೆಯಲ್ಲಿ ಕಲಿತ ಅಕ್ಷರ ಇನ್ನೂ ಕೈಯಲ್ಲಿದೆ, ಅದಕ್ಕೇ ಬರೆಯುತ್ತೇನೆ.

ನಿಮ್ಮ ಅಜ್ಜ ಬೆಟಗೇರಿಯ ಈ ಮನೆಯ ಅಂಗಳದಲ್ಲೇ ಹಳೆಯ ಮೋಟಾರ್ ಸೈಕಲ್ ರಿಪೇರಿ ಮಾಡುತ್ತಿದ್ದರು. ಎಲ್ಲರೂ ಕೈಬಿಟ್ಟ ಗಾಡಿಗಳು ಅವರ ಹತ್ತಿರ ಬರುತ್ತಿದ್ದವು. ಹೆಚ್ಚಿನವುಗಳ ರೋಗ ಒಂದೇ: ಎಕ್ಸಲೇಟರ್ ತಿರುವಿದರೆ ಗುಡುಗುತ್ತವೆ, ಕೈ ಬಿಟ್ಟರೆ ಬಂದ್ ಬೀಳುತ್ತವೆ. ಗಾಡಿ ಓಡುವಾಗ, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರಿನಲ್ಲಿ ಪೆಟ್ರೋಲಿಗೆ ದೊಡ್ಡ ದಾರಿ, ನಿಂತಲ್ಲೇ ಚಾಲೂ ಇರುವಾಗ ಮಾತ್ರ ಒಂದು ಸಣ್ಣ ದಾರಿ. ಆ ದಾರಿಗೆ ಶೇಂಗಾ ಕಾಳಿನಷ್ಟು ಜೆಟ್ ಎಂಬ ಹಿತ್ತಾಳೆಯ ತುಂಡು ಇರುತ್ತದೆ, ಅದರ ತೂತು ಸೂಜಿಯ ಮೊನೆಗಿಂತ ಸಣ್ಣದು. ಗಾಡಿ ಬಹಳ ದಿನ ನಿಂತರೆ ಪೆಟ್ರೋಲು ಒಣಗಿ ಅಂಟಾಗಿ ಅಲ್ಲಿ ಕೂಡುತ್ತದೆ.

ತಂತಿ ಹಾಕಿ ಚುಚ್ಚಿದರೆ ತೂತು ದೊಡ್ಡದಾಗಿ ಜೆಟ್ ಕೆಡುತ್ತದೆ. ಅಜ್ಜ ಎಮ್ಮೆಯ ಬಾಲದ ಕೂದಲನ್ನೇ ಬಳಸುತ್ತಿದ್ದರು. ಆ ಕೂದಲು ಹೊಂಬಳದ ನನ್ನ ತವರಿನಿಂದ ಬರುತ್ತಿತ್ತು. ನಾನು ರೊಟ್ಟಿ ಬುತ್ತಿಯ ಜೊತೆಗೆ ಅದನ್ನೂ ಕಾಗದದಲ್ಲಿ ಕಟ್ಟಿಕೊಳ್ಳುವಾಗ ನನ್ನ ತಮ್ಮ ಪ್ರತಿ ಸಲವೂ ಕಾಡುತ್ತಿದ್ದ.

"ಅಲ್ಲಬೇ ಅಕ್ಕಾ, ಮಂದಿ ತವರಿಂದ ಸೀರಿ ಒಯ್ತಾರ. ನೀ ನಮ್ಮ ಎಮ್ಮಿ ಬಾಲಾ ಬೋಳಿಸಿ ಒಯ್ತೀಯಲ್ಲ! ಅದು ಇನ್ನ ನೊಣಾ ಹೆಂಗ ಹೊಡ್ಕೋಬೇಕು? ಮಾವಗ ಹೇಳು, ಮುಂದಿನ ಸಲ ಕೂದ್ಲಾ ಬೇಕಾದ್ರ ತಾನ ಬಂದು ಎಮ್ಮಿ ಕಡೆ ಒದಿಸ್ಕೊಂಡು ಹೋಗಲಿ."

ಅಜ್ಜನಿಗೆ ಇದನ್ನು ಹೇಳಿದರೆ ಹೊಟ್ಟೆ ಹಿಡಿದು ನಗುತ್ತಿದ್ದರು.

ಅವರ ಕಣ್ಣು ಮಂಜಾದ ಮೇಲೆ ಜೆಟ್ ನೋಡುವ ಕೆಲಸ ನನಗೆ ಬಂತು. ಕೂದಲು ಆಡಿಸಿ, ಪೆಟ್ರೋಲಿನಲ್ಲಿ ತೊಳೆದು, ಅಡುಗೆಮನೆಯ ಕಿಟಕಿಯಿಂದ ಒಳಗೆ ಚಾಚುವರು. ನಾನು ಹಿಟ್ಟಿನ ಕೈ ಒರೆಸಿಕೊಂಡು ಆಕಾಶಕ್ಕೆ ಹಿಡಿದು ನೋಡಬೇಕು.

"ಏ, ಬೆಳಕ ಕಂಡ್ತೇನ?"

"ಇನ್ನೂ ಇಲ್ರಿ."

"ಕಣ್ಣಾಗ ಹಿಟ್ಟ ಬಿದ್ದೈತೇನ ನೋಡ್ಕೋ."

"ಹಿಟ್ಟ ಬಿದ್ರೂ ನಿಮಗಿಂತ ಚಲೋ ಕಾಣ್ತೈತ್ರಿ!"

ಆಮೇಲೆ ಯಾವಾಗಲೋ ಚುಕ್ಕಿಯಷ್ಟು ಬೆಳಕು ಕಾಣುತ್ತಿತ್ತು. ಅವರೊಂದಿಗೆ ನಾನು ನಾಚಿಕೆ ಇಲ್ಲದೆ ಮಾತಾಡಿದ್ದು ಹೆಚ್ಚಾಗಿ ಆ ಕಿಟಕಿಯಲ್ಲೇ.

ಕಳೆದ ವರ್ಷ ಒಂದು ಮುಂಜಾನೆ ಅವರು ತಮ್ಮದೇ ಗಾಡಿಯ ಮುಂದೆ ಕೂತಿದ್ದರು. ನೀರು ಕೇಳಿದರು. ನಾನು ತಂಬಿಗೆ ತರುವುದರೊಳಗೆ ಗೋಡೆಗೆ ಒರಗಿದಲ್ಲೇ ಹೋಗಿಬಿಟ್ಟಿದ್ದರು. ಸಣ್ಣ ಸ್ಕ್ರೂಡ್ರೈವರ್ ಇನ್ನೂ ಕೈಯಲ್ಲೇ ಇತ್ತು.

ಕಾರ್ಬೊರೇಟರಿನ ಪಕ್ಕದಲ್ಲಿ ಗಾಳಿಯ ಸ್ಕ್ರೂ ಒಂದಿರುತ್ತದೆ. ಗಾಡಿ ನಿಂತಲ್ಲಿ ಹೇಗೆ ಉಸಿರಾಡಬೇಕೆಂಬುದು ಅದರ ಕೈಯಲ್ಲಿದೆ. ಅಜ್ಜ ಕೊನೆಗೆ ಮುಟ್ಟಿದ್ದು ಅದನ್ನೇ ಎಂದು ನಾನು ನಂಬಿದ್ದೆ. ಅವರ ಅಂಗಿ, ಚಪ್ಪಲಿ ಎಲ್ಲ ಕೊಟ್ಟಾಯಿತು. ಆ ಸ್ಕ್ರೂ ಮಾತ್ರ ಅವರ ಬೆರಳು ಬಿಟ್ಟ ಜಾಗದಲ್ಲೇ ಇರಲಿ ಎಂಬುದು ನನ್ನ ಹಟ. ತಾಡಪತ್ರಿ ಹೊದಿಸಿ, ಯಾರನ್ನೂ ಹತ್ತಿರ ಬಿಡಲಿಲ್ಲ.

ಗಾಡಿ ತುಕ್ಕು ಹಿಡಿಯುತ್ತದೆ, ಮುಂಡರಗಿಗೆ ತಂದು ನಾನೇ ಓಡಿಸುತ್ತೇನೆ ಎಂದು ನಿಮ್ಮ ಅಪ್ಪ ಕೇಳಿದಾಗ ಇಲ್ಲ ಎನ್ನಲಾಗಲಿಲ್ಲ. ಲಕ್ಷ್ಮೇಶ್ವರದಿಂದ ಅಜ್ಜನ ಹಳೆಯ ಜೊತೆಗಾರ ಮೇಸ್ತ್ರಿ ಬಂದರು. ಹೊಸ ಪೆಟ್ರೋಲು ಹಾಕಿ ಕಿಕ್ ಒದ್ದಾಗ ಗಾಡಿ ಚಾಲೂ ಆಯಿತು. ಅವರು ಎಕ್ಸಲೇಟರ್ ಬಿಟ್ಟ ಕೂಡಲೇ ಬಂದ್ ಬಿತ್ತು. ಬಾಗಿಲ ಹಿಂದೆ ನಿಂತ ನನಗೆ ರೋಗ ಗೊತ್ತಾಯಿತು. ಸಣ್ಣ ದಾರಿ ಕಟ್ಟಿದೆ, ತೊಳೆಯಬೇಕಾದರೆ ಆ ಸ್ಕ್ರೂ ಬಿಚ್ಚಲೇಬೇಕು.

ಮೇಸ್ತ್ರಿ ಸ್ಕ್ರೂಡ್ರೈವರ್ ಎತ್ತಿದ್ದೇ ತಡ, ನಾನು ಹೊರಗೆ ಬಂದಿದ್ದೆ.

"ಅದನ್ನ ಮುಟ್ಟಬ್ಯಾಡ್ರಿ!"

ನನ್ನನ್ನು ಅತ್ತಿಗೆ ಎಂದೇ ಕರೆಯುವ ಅವರು ಗಾಬರಿಯಾಗಿ ಎದ್ದು ನಿಂತರು. "ವೈನಿ, ಬಿಚ್ಚಲಾರ್ದ ಹೆಂಗ ತೊಳೀಲಿ?"

"ಅವರು ಇಟ್ಟ ಜಾಗಾ ತಪ್ಪತೈತ್ರಿ."

ಅವರು ಮೆತ್ತಗೆ ಹೇಳಿದರು: "ಮೊದಲ ಒಳಗ ಪೂರಾ ತಿರುಗಿಸಿ, ಎಷ್ಟ ಸುತ್ತು ಅಂತ ಎಣಿಸ್ಕೊಂಡು, ಆಮ್ಯಾಗ ಬಿಚ್ಚೋದು. ತೊಳದ ಮ್ಯಾಲೆ ಅಷ್ಟ ಸುತ್ತಿಗೆ ತಂದು ಇಡೋದು. ಇದನ್ನ ನನಗ ಕಲಿಸಿದವ್ರ ಅವರು. ತಗೋರಿ, ನೀವ ಎಣಿಸ್ರಿ."

ಹಾಗೆ ನಾನು ಗಾಡಿಯ ಮುಂದೆ ಕೂತೆ. ಒಳಗೆ ತಿರುಗಿಸಲು ಹೋದರೆ ಸ್ಕ್ರೂ ಅಲುಗಲಿಲ್ಲ. ಹೊರಗೆ ತಿರುಗಿಸಿ ನೋಡಿದೆ, ಸಲೀಸಾಗಿ ಬಂತು. ಜಾಮ್ ಆಗಿರಲಿಲ್ಲ. ಆಗಲೇ ಪೂರಾ ಒಳಗೆ ಕೂತಿತ್ತು.

ಮೇಸ್ತ್ರಿಯ ಮುಖ ನೋಡಿದೆ. ಅವರು ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದರು. "ವೈನಿ, ಅವರು ಎಣಿಸಿ ಮುಗಿಸಿದ್ರು. ಬಿಚ್ಚೋದ ಉಳದಿತ್ತು."

ವರ್ಷವಿಡೀ ನಾನು ಕಾದದ್ದು ಅವರು ಹೊಂದಿಸಿಟ್ಟ ಜಾಗವನ್ನಲ್ಲ. ಆಗತಾನೆ ಹಿಡಿದ ಕೆಲಸದ ಮೊದಲ ಹೆಜ್ಜೆಯನ್ನು. ಸುತ್ತಿನ ಲೆಕ್ಕ ಅವರ ಮನಸ್ಸಿನಲ್ಲಿತ್ತು, ಅವರ ಜೊತೆಗೇ ಹೋಯಿತು. ಇನ್ನೊಂದು ಗಳಿಗೆ ಇದ್ದಿದ್ದರೆ ಕಿಟಕಿಗೆ ಬಂದು ಕೂದಲು ಕೇಳುತ್ತಿದ್ದರು. ನಾನು ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ. ಮೇಸ್ತ್ರಿ ಆಚೆ ತಿರುಗಿ ನಿಂತರು.

ಆಮೇಲೆ ತೊಳೆದೆವು. ಕಾರ್ಬೊರೇಟರಿನ ಬಟ್ಟಲಿನ ತಳದಲ್ಲಿ ಹುಳಿ ನಾತದ ಕಂದು ಅಂಟು ಇತ್ತು. ಕಾಗದದ ಪೊಟ್ಟಣದಲ್ಲಿ ಉಳಿದಿದ್ದ ಕೂದಲು ತಂದು ನಾನೇ ಜೆಟ್ಟಿನಲ್ಲಿ ಆಡಿಸಿದೆ. ಮೇಸ್ತ್ರಿ ಸಣ್ಣ ದಾರಿಗೆ ಸೈಕಲ್ ಪಂಪಿನಿಂದ ಗಾಳಿ ಹೊಡೆದರು, ಆಚೆಯ ತೂತಿಗೆ ಹಿಡಿದ ನನ್ನ ಬೆರಳಿಗೆ ತಣ್ಣಗೆ ತಾಗಿತು. ಜೆಟ್ಟನ್ನು ಆಕಾಶಕ್ಕೆ ಹಿಡಿದೆ. ಚುಕ್ಕಿ ಕಂಡಿತು. ಕಂಡಿತೇ ಎಂದು ಯಾರೂ ಕೇಳಲಿಲ್ಲ.

ಸ್ಕ್ರೂ ಎಲ್ಲಿ ನಿಲ್ಲಿಸಬೇಕೆಂದು ಮೇಸ್ತ್ರಿ ನನ್ನನ್ನೇ ಕೇಳಿದರು. ಗಾಡಿ ಚಾಲೂ ಮಾಡಿಸಿ, ಅವರನ್ನು ಅದರ ಹತ್ತಿರ ಬಿಟ್ಟು ನಾನು ಅಡುಗೆಮನೆಗೆ ಹೋದೆ. ಅಜ್ಜ ಹೊಂದಿಸಿದ ಗಾಡಿಯ ಸಪ್ಪಳವನ್ನು ನಾನು ಇಷ್ಟು ವರ್ಷ ಕೇಳಿದ್ದು ಒಲೆಯ ಮುಂದಿನಿಂದ. ಅಲ್ಲಿ ನಿಂತರೆ ಮಾತ್ರ ನೆನಪಾದೀತು ಎಂದು ಕಿಟಕಿಯಿಂದಲೇ ಹೇಳತೊಡಗಿದೆ.

"ಇನ್ನ ಸ್ವಲ್ಪ ಬಿಚ್ಚರಿ... ಹೆಚ್ಚಾತು, ತುಸು ಒಳಗ... ಇರ್ಲಿ ಬಿಡ್ರಿ."

ಗಾಡಿ ನಿಂತಲ್ಲೇ ಚಾಲೂ ಉಳಿಯಿತು, ಬಂದ್ ಬೀಳಲಿಲ್ಲ. ಆದರೆ ಅದು ಅವರದೇ ಸಪ್ಪಳವೋ, ಅದರಂಥದೋ ಎಂದು ನನಗೆ ತಿಳಿಯಲಿಲ್ಲ. ಒಂದೇ ವರ್ಷದಲ್ಲಿ ಕಿವಿ ಅಷ್ಟು ಮರೆತಿತ್ತು. ಇರಲಿ ಬಿಡ್ರಿ ಎಂದದ್ದು ಅದಕ್ಕೇ.

ಮುಂದೆ ಎಂದಾದರೂ ಗಾಡಿ ಕೈ ಬಿಟ್ಟೊಡನೆ ನಿಂತರೆ ಅಪ್ಪನಿಗೆ ತಂತಿ ಹಾಕಲು ಬಿಡಬೇಡಿರಿ. ಈ ಹಾಳೆಗಳ ನಡುವೆ ನಾಲ್ಕು ಕೂದಲು ಮಡಿಸಿ ಇಟ್ಟಿದ್ದೇನೆ. ಸಪ್ಪಳ ಕಿವಿಯಿಂದ ಹೋದ ಹಾಗೆ ಉಳಿದದ್ದೂ ನನ್ನಿಂದ ಹೋದೀತು ಎಂಬ ಅಂಜಿಕೆಯಿಂದ ಇಷ್ಟು ಬರೆದೆ. ಹಾಳೆಗಳನ್ನು ನೀರು ತಾಗದ ಕಡೆ ಜೋಪಾನವಾಗಿ ಇಡಿರಿ, ಮಕ್ಕಳೇ.