ಮಂಟಪದ ಏರಿನಲ್ಲಿ ಇಳಿದವರು

ಟೈರು ಸಿಡಿಯಬಹುದಿತ್ತು. ಅದಕ್ಕೆ ಹಾಕಿದ್ದ ತೇಪೆಗಳನ್ನು ನೋಡಿದವರಿಗೆ ಅದು ಸಿಡಿಯದೆ ಉಳಿದದ್ದೇ ಸೋಜಿಗ. ದಾರಿಗೆ ಅಡ್ಡಲಾಗಿ ಮರ ಕೆಡವಿರಬಹುದಿತ್ತು. ಆ ತಿಂಗಳು ನಮ್ಮ ಕಡೆ ಈಚಲ ಮರಗಳು ನಿಂತಿದ್ದಕ್ಕಿಂತ ಮಲಗಿದ್ದೇ ಹೆಚ್ಚು. ಡ್ರೈವರಿಗೆ ಚಳಿಜ್ವರ ಮರುಕಳಿಸಬಹುದಿತ್ತು. ದಫೇದಾರರು ಹೊರಡುವ ಮುಂಚೆಯೇ ಒಂದು ಗುಟುಕು ಏರಿಸಿರಬಹುದಿತ್ತು. ಬಸ್ಸು ಕುಲುಕಿದ ರಭಸಕ್ಕೆ ಯಾರದೋ ಬಂದೂಕು ತಾನಾಗಿ ಹಾರಿ, ಚಾವಣಿ ತೂತಾಗಿ, ಆ ತೂತಿಗೆ ನಾನು ಮಾಲೀಕರ ಮುಂದೆ ಜವಾಬು ಹೇಳಬೇಕಾಗಬಹುದಿತ್ತು. ಇದ್ದಿಲ ಒಲೆಯ ಕಿಡಿ ದಾರಿಬದಿಯ ಬಣವೆಗೆ ಹಾರಬಹುದಿತ್ತು. ನನ್ನ ಭಾವಮೈದ ಹೊಟ್ಟೆ ತೊಳಸಿ ತನ್ನ ಹೊಸ ಪೇಟದೊಳಕ್ಕೇ ಕಕ್ಕಬಹುದಿತ್ತು.

ಇಷ್ಟನ್ನೂ ನಾನು ಆ ಬೆಳಿಗ್ಗೆ ಬೇವಿನ ಕಡ್ಡಿ ಜಗಿದು ಉಗಿಯುವಷ್ಟರಲ್ಲಿ ಯೋಚಿಸಿ ಮುಗಿಸಿದ್ದೆ. ಮುಖ ತೊಳೆದ ಮೇಲೆ ಇನ್ನೊಂದು ಸುತ್ತು ಇತ್ತು. ಈಗ ಐವತ್ತರ ಹತ್ತಿರ ಬಂದಿದ್ದೇನೆ. ಕೂದಲು ಹೋಯಿತು, ಹಲ್ಲು ಹೋಗುತ್ತಿವೆ, ಚಿಂತೆ ಮಾತ್ರ ಒಂದೂ ಅಲುಗಿಲ್ಲ.

ಆಗ ನಾನು ಮಧುಗಿರಿಯಲ್ಲಿ ಪಾವಗಡದ ಬಸ್ಸಿನ ಏಜೆಂಟ್. ಯುದ್ಧದ ಕಾಲ, ಪೆಟ್ರೋಲು ಸಿಗುತ್ತಿರಲಿಲ್ಲ. ಬಸ್ಸಿನ ಬೆನ್ನಿಗೆ ಆಳೆತ್ತರದ ಡಬ್ಬ ಕಟ್ಟಿ, ಅದರಲ್ಲಿ ಇದ್ದಿಲು ಉರಿಸಿ, ಅದರಿಂದ ಬರುವ ಗ್ಯಾಸಿನಲ್ಲಿ ಇಂಜಿನ್ನು ಓಡಿಸುತ್ತಿದ್ದರು. ಓಡಿಸುತ್ತಿದ್ದರು ಅನ್ನುವುದು ಮರ್ಯಾದೆಯ ಮಾತು. ಮಟ್ಟಸವಾದ ದಾರಿಯಲ್ಲಿ ನಾವು ಎತ್ತಿನ ಗಾಡಿಗಳನ್ನು ಹಿಂದೆ ಹಾಕುತ್ತಿದ್ದೆವು. ಏರು ಬಂದಾಗ ಗಾಡಿಯವರು ನಮ್ಮನ್ನು ಹಿಂದೆ ಹಾಕಿ ನಗುತ್ತಿದ್ದರು. ಮಿಡಿಗೇಶಿ ದಾಟಿದ ಮೇಲೆ, ಬಂಡೆಗುಡ್ಡಗಳ ನಡುವೆ, ಒಂದು ಮುರುಕು ಮಂಟಪದ ಪಕ್ಕದಲ್ಲಿ ಕಡಿದಾದ ಏರಿತ್ತು. ಅಲ್ಲಿ ಡ್ರೈವರು ಹಾರನ್ ಎರಡು ಸಲ ಒತ್ತುತ್ತಿದ್ದ. ಯಾರೂ ಏನೂ ಕೇಳದೆ ಇಳಿಯುತ್ತಿದ್ದರು. ಸಾಮಾನು ಸೀಟಿನ ಮೇಲೆ ಬಿಟ್ಟು ಗಂಡಸರು ಹಿಂದಿನಿಂದ ತಳ್ಳುವುದು, ಹೆಂಗಸರು ಸೆರಗು ಬಿಗಿದು ಮುಂದೆ ನಡೆಯುವುದು, ಮೇಲೆ ಹೋಗಿ ಎಲ್ಲರೂ ಮತ್ತೆ ಹತ್ತುವುದು. ಆ ದಾರಿಯ ಜನಕ್ಕೆ ಅದು ಊಟಕ್ಕೆ ಮುಂಚೆ ಕೈ ತೊಳೆದಷ್ಟು ಸಹಜ.

ಆ ಶ್ರಾವಣದಲ್ಲಿ ಸ್ವರಾಜ್ಯದ ಗಲಾಟೆ ಶುರುವಾಯಿತು. ಸ್ಕೂಲು ಮುಚ್ಚಿದವು, ತಂತಿ ಕಡಿದರು, ಹೆಂಡ ನಿಲ್ಲಿಸಲು ಈಚಲ ಮರ ಉರುಳಿಸಿದರು, ಹೆಂಡದ ಅಂಗಡಿ ಸುಟ್ಟರು. ಪಾವಗಡದ ಕಡೆ ಒಂದು ಸಂತೆಯಲ್ಲಿ ಪೊಲೀಸರು ಗುಂಡು ಹಾರಿಸಿ ಇಬ್ಬರು ಸತ್ತರು. ಅವರಲ್ಲೊಬ್ಬ ನಮ್ಮ ಬಸ್ಸಿನಲ್ಲಿ ವಾರವಾರ ಕಡಲೆಕಾಯಿ ಮೂಟೆ ತರುತ್ತಿದ್ದವನು. "ಏರಲ್ಲಿ ಅವನಂಗೆ ತಳ್ಳೋರು ಇನ್ನೊಬ್ಬ ಇರ್ಲಿಲ್ಲ" ಅಂದ ಡ್ರೈವರು. ಅವನು ಸಿರಾದವನು. ಅವನ ಬಾಯಿ ಮುಚ್ಚಿಸಲು ಎಲೆ ಅಡಿಕೆಯೇ ಬೇಕಾಗುತ್ತಿತ್ತು.

ವಾರ ಕಳೆಯುವುದರೊಳಗೆ ಆ ಕಡೆಗೆ ನಮ್ಮ ಬಸ್ಸಿನಲ್ಲಿ ಹೆಚ್ಚಿನ ಪೊಲೀಸರನ್ನು ಕಳಿಸಲು ಹುಕುಂ ಬಂತು. ಒಬ್ಬ ದಫೇದಾರ, ಆರು ಜನ ಕಾನ್‌ಸ್ಟೇಬಲ್ಲುಗಳು. ಆರನೆಯವನು ನನ್ನ ಹೆಂಡತಿಯ ತಮ್ಮ.

ಕೊರಟಗೆರೆ ಕಡೆಯ ಮನೆ ಅವರದು. ತಾಯಿ ಬೇಗ ಹೋದರು; ಅವನನ್ನು ಎತ್ತಿ ಆಡಿಸಿ ಬೆಳೆಸಿದವಳು ನನ್ನ ಹೆಂಡತಿ. ಅವನು ಬೇಸಾಯಕ್ಕೆ ಬಗ್ಗಲಿಲ್ಲ, ಪೇಟದ ಆಸೆಗೆ ಪೊಲೀಸಿಗೆ ಸೇರಿದ. ಚಿಕ್ಕಂದಿನಿಂದ ಎದೆ ಸೂಕ್ಷ್ಮ. ಒಂದು ಹನಿ ಮಳೆಗೆ ಒಂದು ವಾರ ಕೆಮ್ಮುವ ಆಸಾಮಿ.

"ಅವನನ್ನ ಕಳಿಸ್ಬೇಡಿ ಅಂತ ಹೋಗಿ ಹೇಳಿ. ನೀವು ಏಜೆಂಟ್ರು, ನಿಮ್ಮ ಮಾತು ನಡೀತದೆ" ಅಂದಳು ನನ್ನ ಹೆಂಡತಿ. ನನ್ನ ಮಾತು ಎಲ್ಲಾದರೂ ನಡೆಯುತ್ತದೆ ಎಂದು ನಂಬಿದ್ದವಳು ಅವಳೊಬ್ಬಳೇ. ಹೋದೆ.

ದಫೇದಾರರು ಠಾಣೆಯ ಜಗಲಿಯ ಮೇಲೆ ಕಾಲಿಗೆ ಪಟ್ಟಿ ಸುತ್ತುತ್ತಿದ್ದರು. ನಾನು ಅವನ ಎದೆಯ ವಿಷಯ, ಕೆಮ್ಮಿನ ವಿಷಯ, ತಾಯಿಯಿಲ್ಲದ ವಿಷಯ ಎಲ್ಲ ಹೇಳಿದೆ.

"ಏಜೆಂಟ್ರೇ, ಇವತ್ತು ನಿಮ್ ಭಾವಮೈದನ್ನ ಬುಟ್ರೆ ನಾಳೆ ಊರಿನ ಭಾವಂದಿರೆಲ್ಲ ಬತ್ತಾರೆ. ಆಮೇಕೆ ಗಲಾಟೆ ಅಡಗ್ಸಕ್ಕೆ ನಾನೂ ನಿಮ್ ಬಸ್ಸೂ ಇಬ್ರೇ ಹೋಗ್ಬೇಕಾಯ್ತದೆ" ಅಂದರು. ಆಮೇಲೆ ದನಿ ತಗ್ಗಿಸಿ, "ನನ್ ಮಗಳ ಬಾಣಂತನ ಐತೆ ಮನೇಲಿ. ನಾನೇನು ಕುಣ್ಕಂಡು ಹೋಯ್ತಿದೀನಾ?" ಅಂದರು.

ಬರಿಗೈಯಲ್ಲಿ ವಾಪಸು ಬಂದೆ. ಹೋಗುವುದನ್ನು ತಪ್ಪಿಸಲಾಗದಿದ್ದರೆ, ಹೋಗುವ ದಾರಿಯನ್ನಾದರೂ ನನ್ನ ಕೈಯಲ್ಲಿ ಇಟ್ಟುಕೊಳ್ಳಬೇಕು ಅನ್ನಿಸಿತು. ಮಂಟಪದ ಏರೇ ಅಪಾಯದ ಜಾಗ. ಅದು ನನಗೂ ಗೊತ್ತು, ಎಲ್ಲರಿಗೂ ಗೊತ್ತು. ಭಾರ ಕಡಿಮೆಯಿದ್ದರೆ ಬಸ್ಸು ಅಲ್ಲಿ ನಿಲ್ಲದೆ ಹತ್ತುತ್ತದೆ. ಹಾಗಾಗಿ ಆ ದಿನ ಬೇರೆ ಪ್ರಯಾಣಿಕರು ಬೇಡವೆಂದು ಮಾಲೀಕರನ್ನು ಒಪ್ಪಿಸಿದೆ. ಡ್ರೈವರು ಸೇರಿ ಎಂಟು ಜನ. ಹಾಸಿಗೆ ಸುರುಳಿಗಳು. ಚಾವಣಿಯ ಮೇಲೆ ಒಂದೇ ಮೂಟೆ ಇದ್ದಿಲು, ಮಿಡಿಗೇಶಿಯಲ್ಲಿ ಡಬ್ಬಕ್ಕೆ ತುಂಬಿಕೊಳ್ಳಲು. ಆ ಮೂಟೆಯನ್ನು ನಾನೇ ಕೂತು ಆರಿಸಿದೆ. ಒಂದು ತುಂಡೂ ಹಸಿ ಇರಲಿಲ್ಲ, ಒಂದು ಹಿಡಿಯೂ ಪುಡಿ ಇರಲಿಲ್ಲ. ಜನ್ಮದಲ್ಲಿ ನನ್ನ ಚಿಂತೆ ಯಾರಿಗಾದರೂ ಉಪಯೋಗಕ್ಕೆ ಬಂದದ್ದು ಇದೇ ಮೊದಲು ಎಂದು ಸ್ವಲ್ಪ ಹೆಮ್ಮೆಯೂ ಆಯಿತು.

ಹೊರಡುವ ಬೆಳಿಗ್ಗೆ ಜಿನುಗು ಮಳೆ. ರಾಯಚರ್ಲುವಿನ ಮುದುಕನೊಬ್ಬ ಬಸ್ಸಿನ ಬಾಗಿಲು ಹಿಡಿದು ನಿಂತ. "ಏರ್ಲಿ ನಾನ್ ಇಳ್ದು ತಳ್ತೀನಿ ಕಣಪ್ಪ, ಹತ್ತುಸ್ಕೊ" ಅಂದ.

"ಈವತ್ತು ಏರಲ್ಲಿ ಯಾರೂ ಇಳಿಯಲ್ಲ ತಾತ" ಅಂದೆ.

"ಎವರೂ ದಿಗರಾ?" ಮುದುಕ ನಂಬಲಿಲ್ಲ. "ಯಾರೂ ಇಳೀದೆ ಹೋಯ್ತದಾ? ಅಂಗಾದ್ರೆ ಇದು ಆ ಬಸ್ಸೇ ಅಲ್ಲ ಬುಡು."

ಭಾವಮೈದ ಹಾಸಿಗೆ ಸುರುಳಿ ಹೊತ್ತು ಬಂದ. ಅಕ್ಕ ಕೊಟ್ಟ ಕಂಬಳಿ, ರೊಟ್ಟಿ ಗಂಟು, ಹಣೆಗೆ ಅಡ್ಡ ವಿಭೂತಿ. ನಾನು ಏಣಿ ಹತ್ತಿ ಸುರುಳಿಯನ್ನು ಚಾವಣಿಗೆ ಕಟ್ಟಿದೆ. ಕಟ್ಟಿ ಇಳಿದೆ. ಮತ್ತೆ ಹತ್ತಿ ಅದಕ್ಕೊಂದು ಟಾರ್ಪಾಲು ಸುತ್ತಿದೆ.

"ನೆನೆದ ಹಾಸಿಗೇಲಿ ಮಲಗಿದ್ರೆ ಮುಗೀತು ನಿನ್ನ ಎದೆ" ಅಂದೆ.

"ಬುಡು ಭಾವ. ನನ್ನ ಹೆಣದ ಮೇಲೂ ಕೊಡೆ ಹಿಡಿಯೋನು ನೀನು" ಅಂದ. ಉಳಿದವರು ನಕ್ಕರು. ನಾನೂ ನಕ್ಕೆ. ಬಸ್ಸು ಹೋಯಿತು.

ಮಧ್ಯಾಹ್ನದ ಹೊತ್ತಿಗೆ ಮಿಡಿಗೇಶಿ ಕಡೆಯಿಂದ ಸೈಕಲ್ಲಿನಲ್ಲಿ ಬಂದವನೊಬ್ಬ ಠಾಣೆಗೆ ಹೋಗಿ ಹೇಳಿದ ಮೇಲೆ ನಮಗೆ ಗೊತ್ತಾಯಿತು. ಪೂರ್ತಿ ಗೊತ್ತಾದದ್ದು ಸಂಜೆ, ಡ್ರೈವರು ಅದೇ ಬಸ್ಸಿನಲ್ಲಿ ಹೆಣಗಳನ್ನು ತಂದ ಮೇಲೆ.

ಏರಿನ ಅರ್ಧದಲ್ಲಿ ಇಂಜಿನ್ನು ಸುಸ್ತಾಯಿತಂತೆ. ಡ್ರೈವರು ಹಾರನ್ ಒತ್ತಲೇ ಇಲ್ಲ. ಅಭ್ಯಾಸಬಲದಿಂದ ಇಬ್ಬರು ಇಳಿದರಂತೆ, ಅವರನ್ನು ನೋಡಿ ಉಳಿದವರೂ ಇಳಿದರು. ಬಂದೂಕು ಹಿಡಿದು ಬಸ್ಸು ತಳ್ಳಲಾಗುವುದಿಲ್ಲ. ಸೀಟಿನ ಮೇಲೆ ಒರಗಿಸಿ ಇಳಿದರು. ಏಳು ಜನವೂ ಬಸ್ಸಿನ ಹಿಂಬದಿಗೆ ಭುಜ ಕೊಟ್ಟು, ತಲೆ ತಗ್ಗಿಸಿದಾಗ ಬಂಡೆಗಳ ಮೇಲಿನಿಂದ ಕಲ್ಲು ಬಂದವು. ಕೈಯಲ್ಲಿ ಎಸೆದ ಕಲ್ಲಲ್ಲ, ಕವಣೆಯ ಕಲ್ಲು. ನಮ್ಮ ಕಡೆ ಜೋಳದ ಹೊಲ ಕಾಯುವವರು ಅಟ್ಟಣೆಯ ಮೇಲೆ ನಿಂತು ಗಿಳಿಯ ತಲೆಗೆ ಗುರಿಯಿಡುತ್ತಾರೆ. ಮನುಷ್ಯನ ತಲೆ ಅದಕ್ಕಿಂತ ಎಷ್ಟೋ ದೊಡ್ಡದು. ಆಮೇಲೆ ಕುಡುಗೋಲು ಹಿಡಿದವರು ಇಳಿದು ಬಂದರು. ದಫೇದಾರರು ಬಸ್ಸಿನ ಮೆಟ್ಟಿಲವರೆಗೆ ಬಂದಿದ್ದರು, ಬಂದೂಕಿನ ಹಿಡಿಗೆ ಕೈ ತಾಗಿತ್ತಂತೆ. ಅವರು, ಕೊಳಾಲದ ಕಡೆಯ ಇನ್ನೊಬ್ಬ, ನನ್ನ ಭಾವಮೈದ, ಮೂವರೂ ಅಲ್ಲೇ ಮುಗಿದರು. ಉಳಿದ ನಾಲ್ವರು ಮಂಟಪದೊಳಗೆ ಹೊಕ್ಕು ಬದುಕಿದರು.

ಭಾವಮೈದನ ಕೊರಳಲ್ಲಿ ಲಿಂಗ ಹಾಗೇ ಇತ್ತು. ತಲೆಯ ಒಂದು ಪಕ್ಕ ಇರಲಿಲ್ಲ. ನಮ್ಮಲ್ಲಿ ಹೆಣವನ್ನು ಕೂರಿಸಿ ಮಣ್ಣು ಮಾಡುವುದು ಪದ್ಧತಿ. ಅವನು ಕೂರಲಿಲ್ಲ, ಪಕ್ಕಕ್ಕೆ ವಾಲಿ ವಾಲಿ ಬೀಳುತ್ತಿದ್ದ. ಕೊನೆಗೆ ನಾನು ಗುಣಿಗೆ ಇಳಿದು, ವಿಭೂತಿ ತುಂಬುವ ತನಕ ಭುಜ ಹಿಡಿದುಕೊಂಡು ನಿಂತೆ. ಮೇಲೆ ನನ್ನ ಹೆಂಡತಿ ಅಳುತ್ತಿರಲಿಲ್ಲ. "ತಲೆ ಹುಷಾರು" ಅನ್ನುತ್ತಿದ್ದಳು, ಮಗುವನ್ನು ಎತ್ತಿ ಕೊಡುವಾಗ ಅನ್ನುವಂತೆ.

ಆಮೇಲೆ ಆ ಸುತ್ತಿನ ಹಳ್ಳಿಗಳಿಗೆ ಪೊಲೀಸರು ಹೋದರು. ಕವಣೆ ಬೀಸಿದವರು ಅಷ್ಟರಲ್ಲಿ ಗುಡ್ಡ ಹತ್ತಿದ್ದರು. ಲಾಠಿಗೆ ಬೆನ್ನು ಸೀಳಿಸಿಕೊಂಡವರು ಗುಡ್ಡ ಹತ್ತಲಾಗದ ಮುದುಕರು. ಬಾಗಿಲು ಹಿಡಿದು ನಿಂತಿದ್ದ ರಾಯಚರ್ಲುವಿನ ಮುದುಕ ಮತ್ತೆ ನಮ್ಮ ಬಸ್ಸಿಗೆ ಬರಲಿಲ್ಲ. ಯಾಕೆಂದು ನಾನು ಯಾರನ್ನೂ ಕೇಳಲಿಲ್ಲ.

ವಿಚಾರಣೆ ಮುಸಾಫರಿ ಬಂಗಲೆಯಲ್ಲಿ ನಡೆಯಿತು. ದೊಡ್ಡ ಅಧಿಕಾರಿಯೊಬ್ಬರು ಡ್ರೈವರನ್ನು ಕೇಳಿದರು: "ಭಾರವೇ ಇಲ್ಲದ ಬಸ್ಸು ಯಾಕೆ ನಿಂತಿತು? ಇದ್ದಿಲು ಸರಿಯಿತ್ತೋ?"

ಡ್ರೈವರು ನನ್ನ ಕಡೆ ತಿರುಗಲಿಲ್ಲ. "ಏಕ್ ನಂಬರ್ ಇದ್ದಿಲು ಹುಜೂರ್. ಏಜೆಂಟ್ ಸಾಬ್ ಒಂದೊಂದು ತುಂಡೂ ನೋಡಿ ತುಂಬ್ಸಿದ್ರು. ಏರು ಜಾಸ್ತಿ."

ಬರೆದುಕೊಂಡರು.

ಹೊರಗೆ ಹುಣಸೆ ಮರದ ಕೆಳಗೆ ಅವನು ಬೀಡಿ ಹಚ್ಚಿದ. ಎರಡು ಕಡ್ಡಿ ಆರಿ ಮೂರನೆಯದು ಹತ್ತಿತು. "ಮಿಡಿಗೇಶೀಲಿ ಮೂಟೆ ಸುರೀವಾಗ್ಲೇ ಕೈಗೆ ಗೊತ್ತಾಯ್ತು ಭಾಯಿ" ಅಂದ. "ಮಸಿ ಅಲ್ಲ, ಕೆಸರು ಅಂಟ್ತು. ಹೋಗ್ಲಿ, ಎಂಟೇ ಜನ, ಎಳೀತದೆ ಅಂತ ಹಾಕ್ಬುಟ್ಟೆ. ವಾಪಸ್ ಬರೋವಾಗ ಅದೇ ಇದ್ದಿಲು ಬಿಸೀಗೆ ಒಣಗಿತ್ತು. ಎಷ್ಟು ಚೆನ್ನಾಗಿ ಎಳೀತು ಅಂತೀಯಾ." ಬೀಡಿಯ ಬೂದಿ ಕೊಡವಿ, "ನಿಂದೂ ಅಲ್ಲ, ನಂದೂ ಅಲ್ಲ ಅಂದ್ಕೊ. ನಾನು ಅಂಗೇ ಅಂದ್ಕೋತಿದೀನಿ" ಅಂದ.

ಬಸ್ಸಿಗೆ ಇದ್ದದ್ದು ಒಂದೇ ಟಾರ್ಪಾಲು. ಅದು ಇದ್ದಿಲ ಮೂಟೆಯ ಟಾರ್ಪಾಲು. ಆ ಬೆಳಿಗ್ಗೆ ನಾನು ಎರಡನೇ ಸಲ ಏಣಿ ಹತ್ತಿದಾಗ ಅದನ್ನು ಮೂಟೆಯ ಮೇಲಿಂದ ಬಿಚ್ಚಿ ಭಾವಮೈದನ ಹಾಸಿಗೆಗೆ ಸುತ್ತಿದ್ದೆ. ಇದ್ದಿಲಿಗೆ ಗೋಣಿಯಿದೆಯಲ್ಲ, ಸಾಕು ಅಂದುಕೊಂಡಿದ್ದೆ. ಮಾಡಿಟ್ಟುಕೊಂಡಿದ್ದ ಅಷ್ಟು ಚಿಂತೆಗಳಲ್ಲಿ ಇದೊಂದು ಇರಲಿಲ್ಲ.

ಇದನ್ನು ನನ್ನ ಹೆಂಡತಿಗೆ ಈವರೆಗೆ ಹೇಳಿಲ್ಲ. ಅವಳು ಓದು ಬಲ್ಲವಳು, ಇದನ್ನು ಬರೆಯುತ್ತಿರುವ ನನಗೆ ಈಗ ಅದೂ ಒಂದು ಚಿಂತೆ. ಠಾಣೆಯವರು ಸುರುಳಿಯನ್ನು ಮನೆಗೆ ತಂದುಕೊಟ್ಟ ದಿನ ಅವಳೇ ಹಗ್ಗ ಬಿಚ್ಚಿದಳು. ಟಾರ್ಪಾಲಿನ ಹೊರಗೆ ಕೆಸರು, ಇನ್ನೂ ಏನೇನೋ ಕಲೆ. ಒಳಗೆ ಅಂಗೈ ಆಡಿಸಿ ಆಡಿಸಿ ನೋಡಿದಳು. ಕಂಬಳಿಯನ್ನು ಮೂಗಿಗೆ ಹಿಡಿದಳು.

"ನೋಡಿ, ಒಂಚೂರೂ ನೆಂದಿಲ್ಲ" ಅಂದಳು. "ನೀವು ಕಟ್ಟಿದ್ದಲ್ವಾ."

ಟೈರು ಸಿಡಿಯಲಿಲ್ಲ, ಮರ ಅಡ್ಡ ಬೀಳಲಿಲ್ಲ, ಡ್ರೈವರಿಗೆ ಜ್ವರ ಬರಲಿಲ್ಲ, ದಫೇದಾರರು ಕುಡಿದಿರಲಿಲ್ಲ. ಒಂದು ಮೂಟೆ ಇದ್ದಿಲು ನೆನೆದಿತ್ತು.