ಕೇಳದೆ ಹಾಕಿದ ರುಜು

ರೇಡಿಯೊ ನಿಲಯದಲ್ಲಿ ಹನ್ನೊಂದು ವರ್ಷ ನಿರ್ದೇಶಕರಾಗಿದ್ದ ಆ ಮನುಷ್ಯ ಮೊದಲು ಆ ಕಟ್ಟಡದೊಳಗೆ ಕಾಲಿಟ್ಟದ್ದು ಮೈಕಿನ ತಂತಿ ಸುತ್ತುವ ಕೆಲಸಕ್ಕೆ. ಆಗ ಇಪ್ಪತ್ತರ ವಯಸ್ಸು, ಕಡ್ಡಿಯಂಥ ಮೈ. ನಾಲ್ಕು ಜನರ ಮುಂದೆ ನಿಂತರೆ ಮಾತು ಗಂಟಲಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಅಲ್ಲಿ ಮಕ್ಕಳಿಗೆ ಕತೆ ಹೇಳುವ ಹೆಂಗಸೊಬ್ಬರಿದ್ದರು. ಊರಿಗೆ ಊರೇ ಅವರನ್ನು ಕತೆ ಅಕ್ಕ ಎಂದು ಕರೆಯುತ್ತಿತ್ತು. ಈ ಹುಡುಗನಿಗೆ ಒಳ್ಳೆಯ ಕಂಠ ಇದೆ ಎಂದು ಮೊದಲು ಗುರುತಿಸಿದವರು ಅವರೇ.

"ಲೋ, ಮೈಕು ಏನು ನಿನ್ನ ಅತ್ತೆನಾ, ಹಾಗೆ ಹೆದರ್ಕೊಂಡು ನಿಂತಿದೀಯ? ಹತ್ರ ಬಾ. ಎದುರಿಗೆ ಒಂದೇ ಒಂದು ಮಗು ಕೂತಿದೆ ಅಂದ್ಕೋ. ಹೂಂ, ಈಗ ಮಾತಾಡು."

ಇವರು ಮಾತಾಡಿದರು. ತಂತಿ ಬಿಟ್ಟು ವಾರ್ತೆ ಓದಿದರು, ಆಮೇಲೆ ಕಾರ್ಯಕ್ರಮಗಳ ಉಸ್ತುವಾರಿ ನೋಡಿಕೊಂಡರು, ಕೊನೆಗೆ ಗಾಜಿನ ಬಾಗಿಲಿನ ದೊಡ್ಡ ಕೋಣೆಗೇ ಬಂದು ಕೂತರು. ಅಷ್ಟು ಹೊತ್ತಿಗೆ ಕತೆ ಅಕ್ಕ ನಿವೃತ್ತರಾಗಿದ್ದರು. ದಾರಿಯಲ್ಲಿ ಸಿಕ್ಕಾಗ ಮಾತ್ರ ಅದೇ "ಲೋ" ಎನ್ನುತ್ತಿದ್ದರು. ನಿರ್ದೇಶಕರಿಗೆ ಅದನ್ನು ಕೇಳಿದರೆ ಹೊಟ್ಟೆ ತುಂಬಿದ ಹಾಗಾಗುತ್ತಿತ್ತು.

ಅವರಿಗೆ ಇದ್ದದ್ದು ಒಂದೇ ಹುಚ್ಚು, ಹಕ್ಕಿಗಳ ದನಿ ಹಿಡಿಯುವುದು. ರಜೆ ಸಿಕ್ಕರೆ ಸಾಕು, ಟೇಪು ಯಂತ್ರ ಹೆಗಲಿಗೇರಿಸಿ ಊರಾಚೆಯ ಕೆರೆಗೆ ಹೊರಟರು ಅಂತಲೇ. ಜೊಂಡಿನ ನಡುವೆ ಮೊಣಕಾಲುದ್ದ ಕೆಸರಲ್ಲಿ ಗಂಟೆಗಟ್ಟಲೆ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು.

"ನಾನು ಒಳಗಿಂದ ಹತ್ತು ಸಲ ಕೂಗಿದ್ರೂ ಕೇಳ್ಸಲ್ಲ. ಮೈಲಿ ದೂರದಲ್ಲಿ ಒಂದು ಗುಬ್ಬಿ ಕೆಮ್ಮಿದ್ರೆ ಇವ್ರ ಕಿವಿ ನೆಟ್ಟಗಾಗುತ್ತೆ!" ಎಂದು ಹೆಂಡತಿ ಬಂದವರ ಮುಂದೆಲ್ಲ ಆಡಿಕೊಳ್ಳುತ್ತಿದ್ದರು.

ಒಂದು ವರ್ಷ ನಿಲಯಕ್ಕೆ ಹೊಸ ಟೇಪುಗಳು ಬರಲಿಲ್ಲ. ಹಳೆಯವನ್ನು ಅಳಿಸಿ ಮತ್ತೆ ಬಳಸಿ ಎಂದು ಮೇಲಿನಿಂದ ಕಾಗದ ಬಂತು. ಅದಕ್ಕೊಂದು ಕ್ರಮವಿತ್ತು. ಅಳಿಸುವ ಮುಂಚೆ ನಿರ್ದೇಶಕರು ಪ್ರತಿಯೊಂದನ್ನೂ ಕೇಳಬೇಕು, ಉಳಿಸಬೇಕಾದ್ದನ್ನು ಬೇರೆ ಇಡಬೇಕು, ಉಳಿದದ್ದಕ್ಕೆ ಪುಸ್ತಕದಲ್ಲಿ 'ಕೇಳಿದ್ದೇನೆ, ಅಳಿಸಬಹುದು' ಎಂಬ ಸಾಲಿನ ಎದುರು ರುಜು ಹಾಕಬೇಕು. ಆವತ್ತು ಮಧ್ಯಾಹ್ನ ಟೇಪು ಕೋಣೆಯ ಗುಮಾಸ್ತ ನಲವತ್ತು ಡಬ್ಬಿಗಳನ್ನು ತಂದು ಮೇಜಿನ ಮೇಲೆ ಪೇರಿಸಿದ.

"ಸಾರ್, ಇದ್ರಲ್ಲಿ ಕತೆ ಅಕ್ಕಂದು ಆರಿದೆ. ಅವ್ರದ್ದು ಉಳಿದಿರೋದೇ ಇಷ್ಟು. ಒಂದ್ಸಲ ಕೇಳ್ಬಿಡಿ ಸಾರ್."

ನಿರ್ದೇಶಕರು ಗಡಿಯಾರ ನೋಡಿದರು. ಎಲ್ಲಿಂದಲೋ ವಲಸೆ ಬಂದ ನೀರುಹಕ್ಕಿಯೊಂದು ಎರಡು ದಿನದಿಂದ ಕೆರೆಯಲ್ಲಿತ್ತು. ಬಿಸಿಲು ಇಳಿಯುವ ಮುಂಚೆ ಹೋಗಬೇಕು.

"ಅಕ್ಕನ ಕತೆ ನಂಗೆ ಬಾಯಿಪಾಠ ಕಣಯ್ಯ," ಎಂದವರೇ ನಲವತ್ತು ರುಜುಗಳನ್ನು ಒಂದೇ ಉಸಿರಿಗೆ ಗೀಚಿದರು. ಗುಮಾಸ್ತ ಇನ್ನೂ ಏನೋ ಹೇಳುವವನಿದ್ದ. ಇವರು ಆಗಲೇ ಮೆಟ್ಟಿಲು ಇಳಿಯುತ್ತಿದ್ದರು.

ಆ ಹಕ್ಕಿಯ ದನಿ ಅವರಿಗೆ ಸಿಕ್ಕಿತು. ಅದರಿಂದ ಹೆಸರೂ ಬಂತು. ಶಾಲೆಗಳಲ್ಲಿ ಕರೆದು ಮಾತಾಡಿಸಿದರು, ಶಾಲು ಹೊದಿಸಿದರು, 'ದನಿಗಳನ್ನು ಕಾಪಾಡಿದವರು' ಎಂದು ಹೊಗಳಿದರು. ಅಳಿಸಿದ ಟೇಪುಗಳ ನೆನಪು ಅವರ ತಲೆಯಲ್ಲಿ ಸುಳಿಯಲೂ ಇಲ್ಲ. ಕತೆ ಅಕ್ಕ ತೀರಿಕೊಂಡಾಗಲೂ ಇಲ್ಲ. ಹೋಗಿ ಕಣ್ಣೀರು ಹಾಕಿ ಬಂದರು, ಅಷ್ಟೇ.

ನಿರ್ದೇಶಕರು ನಿವೃತ್ತರಾಗಿ ಎರಡು ವರ್ಷ ಕಳೆದಿತ್ತು. ಒಂದು ಬೆಳಿಗ್ಗೆ ಅಕ್ಕನ ಮಗಳು ಮನೆಗೆ ಬಂದಳು. ಚಿಕ್ಕಂದಿನಲ್ಲಿ ಅಮ್ಮನ ಜೊತೆ ನಿಲಯಕ್ಕೆ ಬಂದು ಇವರ ಮೇಜಿನ ಕೆಳಗೆ ಕೂತು ಚಿತ್ರ ಬರೆಯುತ್ತಿದ್ದವಳು, ಈಗ ಮುಂದಲೆಯಲ್ಲಿ ಬಿಳಿ ಕೂದಲು.

"ಮಾವ, ನಿನ್ನೆ ರೇಡಿಯೊದಲ್ಲಿ ನಿಮ್ಮ ಹಕ್ಕಿ ಕೇಳಿದೆ. ಆಗ ಅನ್ನಿಸ್ತು, ಹಕ್ಕಿ ದನೀನೇ ಇಷ್ಟು ಜೋಪಾನ ಮಾಡಿರೋರು ನಮ್ಮಮ್ಮಂದು ಬಿಟ್ಟಿರ್ತಾರಾ ಅಂತ. ಫೋಟೋ ಇದೆ ಮಾವ, ಮುಖ ಮರೆಯಲ್ಲ. ದನಿ ಮಾತ್ರ ಹೋಗ್ತಾ ಇದೆ. ಹೇಗಿತ್ತು ಅಂತ ಎಷ್ಟು ನೆನೆಸ್ಕೊಂಡ್ರೂ ಬರ್ತಿಲ್ಲ. ಒಂದೇ ಒಂದು ಕತೆ ಸಿಕ್ರೆ ಸಾಕು."

ನಿರ್ದೇಶಕರಿಗೆ ಆ ನಲವತ್ತು ಡಬ್ಬಿಗಳು ನೆನಪಾದವು. ಬಾಯಿಂದ ಬಂದ ಮಾತೇ ಬೇರೆ. "ಹುಡುಕಿಸ್ತೀನಮ್ಮ. ಎಲ್ಲೋ ಇರುತ್ತೆ."

ಅವಳು ಹೋದ ಮೇಲೆ ಹೆಂಡತಿ ಬಾಗಿಲಲ್ಲಿ ಬಂದು ನಿಂತರು.

"ಎಲ್ಲಿ ಹುಡುಕಿಸ್ತೀರಿ?"

ಇವರು ಚಪ್ಪಲಿ ಹುಡುಕತೊಡಗಿದರು.

"ನಲವತ್ತೂ ಒಂದೇ ಏಟಿಗೆ ಮುಗಿಸಿ ಬಂದೆ ಅಂತ ಆವತ್ತು ನೀವೇ ನಕ್ಕೊಂಡು ಹೇಳಿದ್ರಿ. ಆ ಹುಡುಗಿಗೆ ಯಾಕ್ರೀ ಆಸೆ ಹುಟ್ಟಿಸಿದ್ರಿ?"

ಆದರೂ ನಿಲಯಕ್ಕೆ ಹೋದರು. ಇಲ್ಲವೆಂದು ಗೊತ್ತಿದ್ದೂ ಕಪಾಟುಗಳನ್ನು ತೆಗೆಸಿದರು, ಧೂಳು ಕುಡಿದು ಕೆಮ್ಮಿದರು. ಹೊಸಬರೆಲ್ಲ ಎದ್ದು ನಿಂತು "ಕೂತ್ಕೊಳಿ ಸಾರ್, ನಾವು ನೋಡ್ತೀವಿ" ಎಂದಾಗ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಹಳೆಯ ಪುಸ್ತಕ ಮಾತ್ರ ಸಿಕ್ಕಿತು. ಒಂದರ ಕೆಳಗೊಂದು, ಒಂದೇ ಓಟದ ನಲವತ್ತು ರುಜುಗಳು. ಕೊನೆಕೊನೆಯವು ರುಜುವೂ ಅಲ್ಲ, ಬರೀ ಗೀಟು. ಅಕ್ಕನ ಆರು ಕತೆಗಳ ಹೆಸರು ಆ ಗೀಟುಗಳ ಎದುರಿಗೇ ಇದ್ದವು.

ಮೂರು ವಾರ ಊಟ ರುಚಿಸಲಿಲ್ಲ. ಫೋನು ಬಂದರೆ ಹೆಂಡತಿಯ ಕೈಗೆ ಕೊಡುತ್ತಿದ್ದರು. ನಾಲ್ಕನೆಯ ಸೋಮವಾರ ಹೆಂಡತಿ ಫೋನನ್ನು ಹಿಡಿಯಲಿಲ್ಲ. ಅದು ಬಡಿದುಕೊಂಡು ಸುಮ್ಮನಾಯಿತು. ನಿರ್ದೇಶಕರು ಎದ್ದು ಅಂಗಿ ತೊಟ್ಟು ಹೊರಟರು.

ಅಕ್ಕನ ಮಗಳು ಮೂರನೆಯ ಮಹಡಿಯ ಎರಡು ಕೋಣೆಯ ಮನೆಯಲ್ಲಿದ್ದಳು. ಇವರನ್ನು ಕಂಡಿದ್ದೇ ಮುಖ ಅರಳಿತು. "ಸಿಕ್ತಾ ಮಾವ?"

"ಇಲ್ಲಮ್ಮ. ಸಿಗಲ್ಲ. ಅಳಿಸಿದ್ದು ನಾನೇ."

ನಿಂತಲ್ಲೇ ಹೇಳಿದರು. ಕಾಗದ ಬಂದದ್ದು, ಅಳಿಸುವ ಮುಂಚೆ ಕೇಳಬೇಕೆಂಬ ಕ್ರಮ, ಗುಮಾಸ್ತ ಬೇಡಿಕೊಂಡದ್ದು, ಹಕ್ಕಿ, ಕೆರೆ, ರುಜುವಿನ ಮಾತೊಂದು ಬಿಟ್ಟು. ಅವಳು ಕುರ್ಚಿಯ ಬೆನ್ನು ಹಿಡಿದುಕೊಂಡು ಕೇಳಿದಳು.

"ಅಳಿಸೋ ಮುಂಚೆ ಕೇಳ್ಬೇಕಿತ್ತು ಅಂದ್ರಲ್ಲ. ಕೇಳಿದ್ರಾ? ಅಮ್ಮ ಏನು ಹೇಳ್ತಿದ್ಲು?"

ಅಕ್ಕನ ಯಾವುದೋ ಒಂದು ಕತೆ ಹೇಳಿಬಿಡಬಹುದಿತ್ತು. ಹತ್ತಾರು ಗೊತ್ತಿದ್ದವು. ನಾಲಿಗೆಯ ತುದಿಗೂ ಬಂತು.

"ಕೇಳ್ಲಿಲ್ಲಮ್ಮ. ಕೇಳಿದೀನಿ ಅಂತ ರುಜು ಹಾಕ್ದೆ."

ಅವಳು ಅಳಲಿಲ್ಲ, ಕೂಗಾಡಲಿಲ್ಲ. "ಅಳಿಸಿದ್ದಕ್ಕೆ ಹೋಗ್ಲಿ ಅಂತೀನೋ ಏನೋ. ಮೂರು ವಾರ ಫೋನ್ ಪಕ್ಕ ಕೂತಿದ್ನಲ್ಲ, ಅದು?"

ಅವಳು ಕುರ್ಚಿಯ ಬೆನ್ನು ಬಿಟ್ಟು ಬಾಗಿಲ ಕಡೆ ನೋಡಿದಳು.

"ಬಾಗಿಲು ಎಳ್ಕೊಂಡು ಹೋಗಿ, ಸಾರ್," ಎಂದಳು.

ಮಾತು ಕಲಿತಾಗಿನಿಂದ ಮಾವ ಎಂದವಳು. ನಿರ್ದೇಶಕರು ಹೊರಗೆ ಬಂದು ಸದ್ದಾಗದ ಹಾಗೆ ಬಾಗಿಲು ಎಳೆದರು. ಅದು ಕೂರಲಿಲ್ಲ. ಎರಡನೆಯ ಸಲ ಜೋರಾಗಿಯೇ ಎಳೆಯಬೇಕಾಯಿತು.